ನೇರಳೆ ಪೊರೆಯಿಂದ ಕರೆಂಟು: 63 ದಿನಗಳ ಕೆಲಸದ ದಾಖಲೆ

ನಿನ್ನೆ ಸಂಜೆಗೆ ಕೆಲಸ ಒಂದು ಹಂತಕ್ಕೆ ಬಂತು. ಬೆಳಕನ್ನು ಹೀರುವ ಒಂದು ಪ್ರೋಟೀನ್ ಹಿಡಿದುಕೊಂಡು ಎರಡು ಸಾಧನ ಮಾಡಬೇಕು ಅಂತ ಹೊರಟಿದ್ದೆ. ಒಂದು ಸೋಲಾರ್ ಸೆಲ್, ಇನ್ನೊಂದು ಬೆಳಕಿನ ಸೆನ್ಸರ್. ಸೆನ್ಸರ್ ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಬಂದಿದೆ. ಸೋಲಾರ್ ಸೆಲ್ ಕೂಡ ಭರ್ಜರಿಯಾಗಿ ಬಂದಿದೆ ಅಂತ ಎರಡು ದಿನ ನಂಬಿದ್ದೆ, ಅದು ತಪ್ಪು ಅಂತ ಮೂರನೇ ದಿನ ಗೊತ್ತಾಯಿತು. ಎರಡನ್ನೂ ನಡೆದ ಕ್ರಮದಲ್ಲೇ ಬರೆಯುತ್ತೇನೆ. ಇದನ್ನು ಮಾಡಲು ಹೊರಡುವವರಿಗೆ ನನ್ನ ಅಳತೆಗಳಿಗಿಂತ ನನ್ನ ತಪ್ಪುಗಳು ಜಾಸ್ತಿ ಉಪಯೋಗಕ್ಕೆ ಬರುತ್ತವೆ ಅನ್ನಿಸುತ್ತದೆ.

ಪ್ರೋಟೀನಿನ ಹೆಸರು ಬ್ಯಾಕ್ಟೀರಿಯೊರೊಡಾಪ್ಸಿನ್. ತುಂಬಾ ಉಪ್ಪಿರುವ ನೀರಿನಲ್ಲಿ ಬದುಕುವ ಹ್ಯಾಲೋಬ್ಯಾಕ್ಟೀರಿಯಂ ಸಲೈನಾರಮ್ ಅನ್ನುವ ಸೂಕ್ಷ್ಮಜೀವಿಯ ಪೊರೆಯಲ್ಲಿ ಇದು ಇರುತ್ತದೆ. ಪೊರೆಯ ಆ ಭಾಗಕ್ಕೆ ಅದರ ಬಣ್ಣದಿಂದ ನೇರಳೆ ಪೊರೆ ಅಂತ ಹೆಸರು. 1971ರಲ್ಲಿ ಡೀಟರ್ ಓಸ್ಟರ್‌ಹೆಲ್ಟ್ ಮತ್ತು ವಾಲ್ಟರ್ ಸ್ಟೋಕೇನಿಯಸ್ ಇದನ್ನು ಗುರುತಿಸಿದರು. ಒಂದು ಬೆಳಕಿನ ಕಣ ಬಿದ್ದರೆ ಒಂದು ಪ್ರೋಟಾನನ್ನು ಪೊರೆಯ ಒಳಗಿನಿಂದ ಹೊರಗೆ ತಳ್ಳುತ್ತದೆ, ಸುಮಾರು 10 ಮಿಲಿಸೆಕೆಂಡಿನಲ್ಲಿ ಮತ್ತೆ ಮೊದಲಿನ ಸ್ಥಿತಿಗೆ ಬರುತ್ತದೆ. ಪ್ರೋಟೀನುಗಳಲ್ಲಿ ಇಷ್ಟು ಗಟ್ಟಿ ಜೀವದ್ದು ಅಪರೂಪ. ಒಣಗಿದ ಪೊರೆ 100 ಡಿಗ್ರಿ ದಾಟಿದ ಬಿಸಿಯನ್ನೂ ತಡೆಯುತ್ತದೆ. ಹವ್ಯಾಸಕ್ಕೆ ಮಾಡುವವನು ಇದನ್ನೇ ಆರಿಸಿಕೊಳ್ಳಲು ಇಷ್ಟು ಸಾಕು.

ದಿನ 1–9: ಬೆಳೆಸುವುದು, ಮೊದಲ ಸಲ

ಒಂದು ಲೀಟರ್ ನೀರಿಗೆ 250 ಗ್ರಾಂ ಉಪ್ಪು, 20 ಗ್ರಾಂ ಮೆಗ್ನೀಸಿಯಂ ಸಲ್ಫೇಟ್, 3 ಗ್ರಾಂ ಸೋಡಿಯಂ ಸಿಟ್ರೇಟ್, 2 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 10 ಗ್ರಾಂ ಪೆಪ್ಟೋನ್ (ಪ್ರೋಟೀನನ್ನು ಒಡೆದು ಮಾಡಿದ, ಸೂಕ್ಷ್ಮಜೀವಿಗಳಿಗೆ ಆಹಾರವಾಗುವ ಪುಡಿ). ಪಿಎಚ್ 7.2. ಬಿಸಿ 39 ಡಿಗ್ರಿ. ಇಷ್ಟು ಉಪ್ಪಿನಲ್ಲಿ ಬೇರೆ ಯಾವ ಜೀವಿಯೂ ಸುಲಭವಾಗಿ ಬೆಳೆಯುವುದಿಲ್ಲ, ಹಾಗಾಗಿ ಕಲಬೆರಕೆಯ ಭಯ ಕಡಿಮೆ.

ಮೂರು ದಿನ ಏನೂ ಆಗಲಿಲ್ಲ. ನಾಲ್ಕನೇ ದಿನ ಸ್ವಲ್ಪ ಮಬ್ಬಾಯಿತು, ಐದನೇ ದಿನ ಮತ್ತೆ ತಿಳಿಯಾಯಿತು! ಬೆಳೆದದ್ದು ಕರಗಿಹೋಗುತ್ತಿದೆ ಅಂತ ನನಗೆ ಹೊಳೆಯಲೇ ಇಲ್ಲ. ಉಷ್ಣತೆ ನೋಡಿದೆ, ಪಿಎಚ್ ನೋಡಿದೆ, ಹೊಸದಾಗಿ ಬೀಜ ಹಾಕಿದೆ, ಮತ್ತೆ ಅದೇ ಕಥೆ. ಒಂಬತ್ತು ದಿನ ಕಳೆದ ಮೇಲೆ ಕಾರಣ ಸಿಕ್ಕಿತು: ಪೆಪ್ಟೋನ್. ಕೆಲವು ಬಗೆಯ ಪೆಪ್ಟೋನಿನಲ್ಲಿ ಪಿತ್ತರಸದ ಆಮ್ಲಗಳ ಅಂಶ ಉಳಿದಿರುತ್ತದೆ. ಬೇರೆ ಬ್ಯಾಕ್ಟೀರಿಯಾಗಳಿಗೆ ಅದರಿಂದ ತೊಂದರೆ ಇಲ್ಲ, ಈ ಜೀವಿಯ ಹೊದಿಕೆಯನ್ನು ಮಾತ್ರ ಅದು ಒಡೆದುಹಾಕುತ್ತದೆ. ಪೆಪ್ಟೋನ್ ಅಂದರೆ ಪೆಪ್ಟೋನ್ ಅಂತ ಸುಮ್ನೆ ಕೈಗೆ ಸಿಕ್ಕಿದ ಡಬ್ಬಿ ತೆಗೆದಿದ್ದೆ. ಹ್ಯಾಲೋಬ್ಯಾಕ್ಟೀರಿಯಾಕ್ಕೆ ಆಗುತ್ತದೆ ಅಂತ ಖಚಿತವಾದ ಬಗೆಯನ್ನೇ ತೆಗೆದುಕೊಳ್ಳಿ, ಇದರಲ್ಲಿ ರಾಜಿ ಬೇಡ.

ದಿನ 10–19: ಎರಡನೇ ಸಲ

ಪೆಪ್ಟೋನ್ ಬದಲಿಸಿದೆ, ಬೇರೆ ಏನನ್ನೂ ಮುಟ್ಟಲಿಲ್ಲ. ಮೂರನೇ ದಿನಕ್ಕೆ ಗುಲಾಬಿ ಬಣ್ಣ ಬಂತು. ಇಲ್ಲಿ ಒಂದು ವಿಷಯ ಗಮನಿಸಿ. ಗುಲಾಬಿ, ಕೆಂಪು ಬಣ್ಣ ಬಂದರೆ ನಮ್ಮ ಪ್ರೋಟೀನ್ ಬಂತು ಅಂತ ಅಲ್ಲ. ಅದು ಬ್ಯಾಕ್ಟೀರಿಯೊರುಬೆರಿನ್ ಅನ್ನುವ ಬೇರೆ ಬಣ್ಣ. ನೇರಳೆ ಪೊರೆ ಜಾಸ್ತಿ ತಯಾರಾಗಬೇಕಾದರೆ ಜೀವಿಗೆ ಆಮ್ಲಜನಕ ಕಡಿಮೆಯಾಗಬೇಕು, ಬೆಳಕು ಸಿಗಬೇಕು. ಹಾಗಾಗಿ ನಾಲ್ಕನೇ ದಿನದಿಂದ ಅಲುಗಾಡಿಸುವ ವೇಗ ಅರ್ಧಕ್ಕೆ ಇಳಿಸಿ, ಫ್ಲಾಸ್ಕಿನ ಎರಡೂ ಕಡೆ ಬಿಳಿ ಎಲ್‌ಇಡಿ ಪಟ್ಟಿ ಇಟ್ಟೆ. ಹತ್ತನೇ ದಿನಕ್ಕೆ ಕೆಂಪು ಹೋಗಿ ಕಂದು ನೇರಳೆಗೆ ತಿರುಗಿತು.

ದಿನ 20–24: ಪೊರೆ ಬಿಡಿಸುವುದು

ಈ ಹಂತಕ್ಕೆ ವೇಗದ ಸೆಂಟ್ರಿಫ್ಯೂಜ್ ಬೇಕೇ ಬೇಕು. ಮನೆಯಲ್ಲಿ ಆಗುವ ಕೆಲಸ ಅಲ್ಲ. ಪರಿಚಯದ ಒಂದು ಲ್ಯಾಬಿನಲ್ಲಿ ರಾತ್ರಿ ಹೊತ್ತು ಬಳಸಲು ಬಿಟ್ಟರು.

ಮೊದಲು 6,000 ಜಿ ಬಲದಲ್ಲಿ (ಅಂದರೆ ಗುರುತ್ವದ 6,000 ಪಟ್ಟು) 20 ನಿಮಿಷ ತಿರುಗಿಸಿ ಕೋಶಗಳನ್ನು ತಳಕ್ಕೆ ಇಳಿಸಿದೆ. ಮೇಲಿನ ಉಪ್ಪುನೀರು ಚೆಲ್ಲಿ ಬಟ್ಟಿ ಇಳಿಸಿದ ನೀರು ಹಾಕಿದರೆ ಕೋಶಗಳು ತಾವಾಗಿಯೇ ಒಡೆಯುತ್ತವೆ, ಅಷ್ಟು ಉಪ್ಪಿಗೆ ಒಗ್ಗಿದ ಜೀವಿ ಸಿಹಿನೀರಿನಲ್ಲಿ ನಿಲ್ಲುವುದಿಲ್ಲ. ಯಾವ ಯಂತ್ರವೂ ಬೇಡ, ಯಾವ ರಾಸಾಯನಿಕವೂ ಬೇಡ. ಆದರೆ ಒಡೆದ ಕೂಡಲೇ ಒಳಗಿನ ಡಿಎನ್‌ಎ ಹೊರಗೆ ಬಂದು ಇಡೀ ದ್ರವ ಲೋಳೆಯಾಗುತ್ತದೆ. ಅದಕ್ಕೆ ಮೊದಲೇ ಡಿಎನ್‌ಎಯನ್ನು ಕತ್ತರಿಸುವ ಡಿಎನ್‌ಏಸ್ ಕಿಣ್ವ ಹಾಕಬೇಕಿತ್ತು, ನಾನು ಮರೆತೆ. ಪಿಪೆಟ್ಟಿನಲ್ಲಿ ಎಳೆದರೆ ದಾರದ ಹಾಗೆ ಬರುತ್ತಿತ್ತು. ಆಮೇಲೆ ಕಿಣ್ವ ಹಾಕಿ ರಾತ್ರಿಯಿಡೀ ಕಲಕುತ್ತಾ ಬಿಟ್ಟಾಗ ತೆಳುವಾಯಿತು, ಆದರೆ ಒಂದು ರಾತ್ರಿಯ ಸೆಂಟ್ರಿಫ್ಯೂಜ್ ಸರದಿ ಹೋಯಿತು.

ಮುಂದೆ 50,000 ಜಿ, 40 ನಿಮಿಷ. ಮೇಲಿನ ಕೆಂಪು ನೀರು ಚೆಲ್ಲುವುದು, ಹೊಸ ನೀರು ಹಾಕುವುದು, ಮತ್ತೆ ತಿರುಗಿಸುವುದು. ಹೀಗೆ ಐದು ಸಲ. ಕೊನೆಗೆ ಶೇಕಡ 30ರಿಂದ 50ರವರೆಗಿನ ಸಕ್ಕರೆ ದ್ರಾವಣದ ಪದರಗಳ ಮೇಲೆ ಹಾಕಿ 100,000 ಜಿಯಲ್ಲಿ ರಾತ್ರಿಯಿಡೀ. ಬೆಳಗ್ಗೆ ಟ್ಯೂಬ್ ಹೊರಗೆ ತೆಗೆದಾಗ ಮೇಲೆ ತೆಳು ಕೆಂಪು ಪಟ್ಟಿ, ಅದರ ಕೆಳಗೆ ಗಾಢ ನೇರಳೆ ಪಟ್ಟಿ, ನಡುವೆ ತಿಳಿ ದ್ರಾವಣ. ಅಷ್ಟು ಚಂದದ ಬಣ್ಣ ನಾನು ಲ್ಯಾಬಿನಲ್ಲಿ ನೋಡಿಯೇ ಇರಲಿಲ್ಲ.

ಸ್ಪೆಕ್ಟ್ರೋಮೀಟರಿನಲ್ಲಿ ಇಟ್ಟಾಗ ಶಿಖರ, ಅಂದರೆ ಬೆಳಕನ್ನು ಅತಿ ಹೆಚ್ಚು ಹೀರುವ ಜಾಗ, 559 ನ್ಯಾನೊಮೀಟರಿನಲ್ಲಿ ಬಂತು. 568 ಬರಬೇಕಿತ್ತಲ್ಲ, ಎಲ್ಲಿ ಕೆಟ್ಟಿತು ಅಂತ ಒಂದು ಗಂಟೆ ತಲೆಕೆಡಿಸಿಕೊಂಡೆ. ಕೆಟ್ಟಿರಲಿಲ್ಲ. ಕತ್ತಲಲ್ಲಿ ಇಟ್ಟ ಪೊರೆ 558ರ ಹತ್ತಿರ ಇರುತ್ತದೆ, ಐದು ನಿಮಿಷ ಬೆಳಕಿಗೆ ಹಿಡಿದರೆ 568ಕ್ಕೆ ಸರಿಯುತ್ತದೆ. ಹಿಡಿದೆ, ಸರಿಯಿತು. ಇಳುವರಿ ಲೆಕ್ಕ ಹಾಕುವುದು ಸುಲಭ: ಒಂದು ಸೆಂಟಿಮೀಟರ್ ಕುವೆಟ್ಟಿನಲ್ಲಿ (ಅಳತೆಯ ಚೌಕ ಬಾಟಲಿ) 568ರಲ್ಲಿ ಹೀರುವಿಕೆಯ ಅಳತೆ 0.63 ಬಂದರೆ 10 ಮೈಕ್ರೊಮೋಲಾರ್, ಅಂದರೆ ಎಂಎಲ್‌ಗೆ ಸುಮಾರು 0.27 ಮಿಲಿಗ್ರಾಂ. ಒಂದು ಲೀಟರಿನಿಂದ ನನಗೆ ಒಟ್ಟು 11 ಮಿಲಿಗ್ರಾಂ ಸಿಕ್ಕಿತು.

ದಿನ 25–31: ಗಾಜಿನ ಮೇಲೆ ಕೂರಿಸುವುದು

ಪೊರೆಯ ತುಣುಕುಗಳು ಸುಮಾರು 5 ನ್ಯಾನೊಮೀಟರ್ ದಪ್ಪ, ಅರ್ಧ ಮೈಕ್ರೊಮೀಟರ್ ಅಗಲ. ಸುಮ್ನೆ ಹನಿ ಹಾಕಿ ಒಣಗಿಸಿದರೆ ಕೆಲವು ಅಂಗಾತ, ಕೆಲವು ಬೋರಲು ಬೀಳುತ್ತವೆ. ಒಂದು ತುಣುಕು ಪ್ರೋಟಾನನ್ನು ಮೇಲಕ್ಕೆ ತಳ್ಳಿದರೆ ಇನ್ನೊಂದು ತುಣುಕು ಕೆಳಕ್ಕೆ ತಳ್ಳುತ್ತದೆ, ಒಟ್ಟು ಲೆಕ್ಕ ಸೊನ್ನೆಯ ಹತ್ತಿರ. ಎಲ್ಲವೂ ಒಂದೇ ಮುಖ ಮಾಡಬೇಕು. ಪೊರೆಯ ಎರಡು ಮುಖಗಳ ಮೇಲಿನ ಋಣ ವಿದ್ಯುದಂಶ ಒಂದೇ ಸಮ ಇಲ್ಲದಿರುವುದರಿಂದ ಎರಡು ಗಾಜುಗಳ ನಡುವೆ ವೋಲ್ಟೇಜ್ ಕೊಟ್ಟರೆ ಅವು ತಿರುಗಿ ಧನ ಗಾಜಿನ ಮೇಲೆ ಕೂರುತ್ತವೆ.

ಐಟಿಒ (ಕರೆಂಟು ಹರಿಯುವ ಪಾರದರ್ಶಕ ವಸ್ತು) ಲೇಪದ ಎರಡು ಗಾಜು, ನಡುವೆ 1 ಮಿಲಿಮೀಟರ್ ಸಿಲಿಕೋನ್ ಚೌಕಟ್ಟು, ಒಳಗಿನ ಜಾಗ 1 ಚದರ ಸೆಂಟಿಮೀಟರ್. ಎಂಎಲ್‌ಗೆ 5 ಮಿಲಿಗ್ರಾಂ ಇರುವ ದ್ರವ 0.1 ಎಂಎಲ್, ಅಂದರೆ ಅರ್ಧ ಮಿಲಿಗ್ರಾಂ ಪೊರೆ.

ಮೊದಲ ಗಾಜು: 5 ವೋಲ್ಟ್, ಎರಡು ನಿಮಿಷ. ಗುಳ್ಳೆ ಎದ್ದು ಪದರ ತೂತು ತೂತಾಯಿತು. ಪೊರೆಯಲ್ಲಿ ಉಪ್ಪು ಉಳಿದಿತ್ತು, ಕರೆಂಟು ಸಿಕ್ಕಾಪಟ್ಟೆ ಹರಿದಿದೆ.

ಎರಡನೇ ಗಾಜು: ಪೊರೆಯನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಇನ್ನೆರಡು ಸಲ ತೊಳೆದೆ. ಗುಳ್ಳೆ ಕಡಿಮೆ. ಆದರೆ ಪದರ ನೀಲಿಯಾಯಿತು! ನೇರಳೆ ಅಲ್ಲ, ಸ್ಪಷ್ಟ ನೀಲಿ. ಧನ ಗಾಜಿನ ಹತ್ತಿರ ನೀರು ಒಡೆದು ಆಮ್ಲ ಜಾಸ್ತಿಯಾಗುತ್ತದೆ, ಪಿಎಚ್ 3ರ ಹತ್ತಿರಕ್ಕೆ ಇಳಿದರೆ ಈ ಪ್ರೋಟೀನಿನ ಶಿಖರ 605ರ ಕಡೆ ಹೋಗಿ ನೀಲಿ ಕಾಣುತ್ತದೆ. ನೀಲಿ ಪೊರೆ ಪ್ರೋಟಾನ್ ತಳ್ಳುವುದಿಲ್ಲ. ಪಿಎಚ್ 7ರಲ್ಲೇ ನಿಲ್ಲುವ ತೆಳು ಬಫರ್ ದ್ರಾವಣದಲ್ಲಿ ಅದ್ದಿದಾಗ ಮತ್ತೆ ನೇರಳೆ ಬಂತು, ಆದರೆ ಅಂಚಿನಲ್ಲಿ ಕಿತ್ತುಬಂತು.

ನಾಲ್ಕನೇ ಗಾಜಿಗೆ ಸರಿಹೋಯಿತು: 2.5 ವೋಲ್ಟ್, 60 ಸೆಕೆಂಡ್, ತಕ್ಷಣ ಮೇಲಿನ ಗಾಜು ಮೆಲ್ಲಗೆ ತೆಗೆದು, ಮುಚ್ಚಿದ ಡಬ್ಬಿಯಲ್ಲಿ ಒದ್ದೆ ಹತ್ತಿಯ ಜೊತೆ ಇಟ್ಟು ನಿಧಾನವಾಗಿ ಒಣಗಿಸುವುದು. ಬೇಗ ಒಣಗಿಸಿದರೆ ಬಿರುಕು ಬಿಡುತ್ತದೆ. ಆದರೂ ಪದರ ಒಂದೇ ಸಮ ಇಲ್ಲ, ಒಂದು ಮೂಲೆ ಯಾವಾಗಲೂ ದಪ್ಪ. ಇದೇ ಪ್ರೋಟೀನಿನಿಂದ ಕೃತಕ ರೆಟಿನಾ ಮಾಡಲು ಹೊರಟಿರುವ ಲ್ಯಾಂಬ್ಡಾವಿಷನ್ ಕಂಪನಿ ಸುಮಾರು 200 ಪದರ ಒಂದರ ಮೇಲೊಂದು ಕೂರಿಸುತ್ತದೆ. ಗುರುತ್ವದಿಂದ ಪದರ ಏರುಪೇರಾಗುತ್ತದೆ ಅಂತ ಆ ಕೆಲಸವನ್ನು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಮಾಡಿ ನೋಡಿದ್ದಾರೆ. ನನ್ನ ದಪ್ಪ ಮೂಲೆ ನೋಡಿದ ಮೇಲೆ ಅವರು ಅಷ್ಟು ದೂರ ಯಾಕೆ ಹೋದರು ಅಂತ ಅರ್ಥವಾಯಿತು.

ದಿನ 32–41: ಸೆನ್ಸರ್

ಜೋಡಣೆ ಸರಳ. ಪೊರೆ ಇರುವ ಗಾಜು, 1 ಮಿಲಿಮೀಟರ್ ಅಂತರ, ನಡುವೆ 0.1 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ, ಎದುರಿಗೆ ಬರೀ ಐಟಿಒ ಗಾಜು. ಕರೆಂಟನ್ನು ವೋಲ್ಟೇಜಾಗಿ ಬದಲಿಸಲು ಫೆಟ್ ಇನ್‌ಪುಟ್ ಇರುವ ಒಂದು ಆಪ್-ಆಂಪ್ (ಆಂಪ್ಲಿಫೈಯರ್ ಚಿಪ್), ಅದಕ್ಕೆ 10 ಮೆಗಾಓಮ್ ರೆಸಿಸ್ಟರ್, ಪಕ್ಕದಲ್ಲಿ 10 ಪೈಕೊಫ್ಯಾರಡ್ ಕೆಪಾಸಿಟರ್. 10 ನ್ಯಾನೊಆಂಪ್ ಬಂದರೆ ಆಸಿಲೋಸ್ಕೋಪಿನಲ್ಲಿ 0.1 ವೋಲ್ಟ್ ಕಾಣುತ್ತದೆ. ಬೆಳಕಿಗೆ ಹಸಿರು ಎಲ್‌ಇಡಿ.

ಮೊದಲ ದಿನವೇ ಎಲ್‌ಇಡಿ ಹೊತ್ತಿಸಿದಾಗ ಚೂಪಾದ ಏರಿಕೆ, ಆರಿಸಿದಾಗ ಚೂಪಾದ ಇಳಿತ. ಇದೇ ಬರಬೇಕಾದದ್ದು. ಬೆಳಕು ಒಂದೇ ಸಮ ಇದ್ದರೆ ಈ ಪ್ರೋಟೀನ್ ಸುಮ್ಮನಿರುತ್ತದೆ, ಬದಲಾದಾಗ ಮಾತ್ರ ಮಾತಾಡುತ್ತದೆ. ಕುಣಿಯುವಷ್ಟು ಖುಷಿಯಾಯಿತು. ಆಮೇಲೆ ಯಾಕೋ ಎಲ್‌ಇಡಿಗೂ ಗಾಜಿಗೂ ನಡುವೆ ಕಪ್ಪು ಕಾಗದ ಇಟ್ಟೆ. ಅದೇ ಏರಿಕೆ, ಅದೇ ಇಳಿತ!

ಎಲ್‌ಇಡಿಯ ತಂತಿಯಿಂದ ಆಂಪ್ಲಿಫೈಯರಿಗೆ ಗಾಳಿಯಲ್ಲೇ ಸಿಗ್ನಲ್ ದಾಟುತ್ತಿತ್ತು. 10 ಮೆಗಾಓಮ್ ಇಟ್ಟುಕೊಂಡರೆ ಹತ್ತಿರದ ಯಾವ ತಂತಿಯೂ ಆಂಟೆನಾ ಆಗುತ್ತದೆ. ನಾಲ್ಕು ದಿನ ಇದರಲ್ಲೇ ಹೋಯಿತು. ಸೆಲ್ಲನ್ನೂ ಆಂಪ್ಲಿಫೈಯರನ್ನೂ ಒಂದು ಲೋಹದ ಡಬ್ಬಿಯಲ್ಲಿ ಇಟ್ಟು ಡಬ್ಬಿಯನ್ನು ಅರ್ತ್ ಮಾಡಿದೆ. ಎಲ್‌ಇಡಿಯನ್ನು ಬೇರೆ ಡಬ್ಬಿಗೆ ಹಾಕಿ ಸದಾ ಹೊತ್ತಿಸಿಟ್ಟೆ. ಬೆಳಕನ್ನು ಬಿಡಲು, ತಡೆಯಲು ಮೋಟಾರಿಗೆ ಕಟ್ಟಿದ ತೂತಿನ ತಟ್ಟೆ. ಈಗ ಕಪ್ಪು ಕಾಗದ ಇಟ್ಟರೆ ಗೆರೆ ನೇರವಾಗಿ ನಿಂತಿತು. ಕಾಗದ ತೆಗೆದರೆ 22 ನ್ಯಾನೊಆಂಪಿನ ಏರಿಕೆ. ಮೊದಲು ಕಂಡಿದ್ದಕ್ಕಿಂತ ಚಿಕ್ಕದು, ಆದರೆ ನಿಜವಾದದ್ದು.

ಅಷ್ಟಕ್ಕೇ ನಂಬಲು ಮನಸ್ಸಾಗಲಿಲ್ಲ. ಬೆಳಕಿನಿಂದ ಗಾಜು ಬಿಸಿಯಾಗಿಯೂ ಸಣ್ಣ ಕರೆಂಟು ಬರಬಹುದು ಅಲ್ವಾ? ಅದಕ್ಕೆ ಎರಡು ಪರೀಕ್ಷೆ ಮಾಡಿದೆ. ಅಷ್ಟೇ ಪ್ರಖರತೆಗೆ ಹೊಂದಿಸಿದ 660 ನ್ಯಾನೊಮೀಟರಿನ ಕೆಂಪು ಎಲ್‌ಇಡಿಯಲ್ಲಿ ಸಿಗ್ನಲ್ ಬಹುತೇಕ ಇಲ್ಲ. ಎರಡನೆಯದು ಇನ್ನೂ ಗಟ್ಟಿ: ಒಳಗಿನ ದ್ರಾವಣವನ್ನು ಪಿಎಚ್ 7ರಿಂದ ಪಿಎಚ್ 4ಕ್ಕೆ ಬದಲಿಸಿದೆ. ಪಿಎಚ್ 7ರಲ್ಲಿ ಈ ಪ್ರೋಟೀನ್ ಮೊದಲು ಪ್ರೋಟಾನ್ ಬಿಟ್ಟು ಆಮೇಲೆ ಹಿಡಿಯುತ್ತದೆ, ಪಿಎಚ್ 4ರ ಆಮ್ಲದಲ್ಲಿ ಮೊದಲು ಹಿಡಿದು ಆಮೇಲೆ ಬಿಡುತ್ತದೆ. ಹಾಗಾಗಿ ಏರಿಕೆ ಇದ್ದಲ್ಲಿ ಇಳಿತ ಬರಬೇಕು. ರಾತ್ರಿ ಹನ್ನೊಂದಕ್ಕೆ ದ್ರಾವಣ ಬದಲಿಸಿ ತಟ್ಟೆ ತಿರುಗಿಸಿದೆ. ಗೆರೆ ತಲೆಕೆಳಗಾಗಿತ್ತು. ಮತ್ತೆ ಪಿಎಚ್ 7 ಹಾಕಿದೆ, ಮೊದಲಿನ ಹಾಗೆ ಮೇಲಕ್ಕೆ ಬಂತು. ಬಿಸಿಯಾಗಲಿ ತಂತಿಯಾಗಲಿ ಹೀಗೆ ಮಾಡುವುದಿಲ್ಲ. ಇಡೀ 63 ದಿನದಲ್ಲಿ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟ ಗಳಿಗೆ ಅದು.

ದಿನ 42–58: ಸೋಲಾರ್ ಸೆಲ್

ಮಾದರಿ 1991ರಲ್ಲಿ ಓ'ರೀಗನ್ ಮತ್ತು ಗ್ರೆಟ್ಸೆಲ್ ತೋರಿಸಿದ ಬಣ್ಣದ ಸೆಲ್, ಅಂದರೆ ಬಣ್ಣವೇ ಬೆಳಕನ್ನು ಹೀರುವ ಸೋಲಾರ್ ಸೆಲ್. ಗಾಜಿನ ಮೇಲೆ ಟೈಟಾನಿಯಂ ಡೈಆಕ್ಸೈಡಿನ ರಂಧ್ರಭರಿತ ಪದರ, ಅದಕ್ಕೆ ಬಣ್ಣ, ನಡುವೆ ಅಯೋಡೈಡ್ ದ್ರಾವಣ, ಎದುರಿಗೆ ಇಂಗಾಲ. ಬಣ್ಣದ ಜಾಗದಲ್ಲಿ ನನ್ನ ಪೊರೆ.

ಪುಡಿಯನ್ನು ದುರ್ಬಲ ಅಸಿಟಿಕ್ ಆಮ್ಲದ ಜೊತೆ ಪಿಂಗಾಣಿ ಕುಟ್ಟಾಣಿಯಲ್ಲಿ ಅರ್ಧ ಗಂಟೆ ಅರೆದೆ. ಗಾಜಿನ ಅಂಚಿಗೆ ಟೇಪ್ ಅಂಟಿಸಿ, ಗಾಜಿನ ಕಡ್ಡಿಯಿಂದ ಎಳೆದು ಸವರಿದೆ. 450 ಡಿಗ್ರಿಯಲ್ಲಿ 30 ನಿಮಿಷ.

ತಪ್ಪು ಒಂದು: ಉಳಿದಿದ್ದ ಐಟಿಒ ಗಾಜನ್ನೇ ಬಳಸಿದೆ. ಫರ್ನೇಸಿಗೆ ಹೋಗುವ ಮೊದಲು ಮಲ್ಟಿಮೀಟರಿನಲ್ಲಿ 14 ಓಮ್ ಇದ್ದದ್ದು ಹೊರಗೆ ಬಂದಾಗ 70 ದಾಟಿತ್ತು. ಐಟಿಒ ಆ ಬಿಸಿಯನ್ನು ಗಾಳಿಯಲ್ಲಿ ತಡೆಯುವುದಿಲ್ಲ, ಎಫ್‌ಟಿಒ ಅನ್ನುವ ಅಂಥದೇ ಇನ್ನೊಂದು ಲೇಪ ತಡೆಯುತ್ತದೆ.

ತಪ್ಪು ಎರಡು: ಬಿಸಿಯಿರುವಾಗಲೇ ಬಾಗಿಲು ತೆರೆದೆ. ಎರಡು ಗಾಜು ಸೀಳಿದವು.

ತಪ್ಪು ಮೂರು ಸ್ವಲ್ಪ ದೊಡ್ಡದು. ಪದರವನ್ನು ಪೊರೆಯ ದ್ರವದಲ್ಲಿ ರಾತ್ರಿಯಿಡೀ ನೆನೆಹಾಕಿ ಬೆಳಗ್ಗೆ ತೊಳೆದರೆ ಬಣ್ಣ ಪೂರ್ತಿ ಹೋಯಿತು. ಲೆಕ್ಕ ಹಾಕಿದ್ದರೆ ಮೊದಲೇ ಗೊತ್ತಾಗುತ್ತಿತ್ತು. ಪದರದ ರಂಧ್ರಗಳು ಕೆಲವು ಹತ್ತು ನ್ಯಾನೊಮೀಟರ್, ನನ್ನ ಪೊರೆಯ ತುಣುಕು 500 ನ್ಯಾನೊಮೀಟರ್. ಒಳಗೆ ಹೋಗುವ ಮಾತೇ ಇಲ್ಲ. ಜೊತೆಗೆ ಪಿಎಚ್ 7ರಲ್ಲಿ ಪೊರೆಯೂ ಋಣ, ಟೈಟಾನಿಯಂ ಡೈಆಕ್ಸೈಡಿನ ಮೈಯೂ ಋಣ, ಒಂದನ್ನೊಂದು ದೂಡುತ್ತವೆ. ನಡುವೆ ಧನ ವಿದ್ಯುದಂಶದ ಪಾಲಿಲೈಸೀನ್ ಪದರ ಹಾಕಿದೆ, ಪೊರೆಯನ್ನು ಸೋನಿಕೇಟರಿನಲ್ಲಿ (ಶಬ್ದದ ಅಲೆಗಳಿಂದ ಒಡೆಯುವ ಯಂತ್ರ) 15 ನಿಮಿಷ ಇಟ್ಟು ಚೂರು ಮಾಡಿದೆ. ಈ ಸಲ ತಿಳಿ ನೇರಳೆ ಉಳಿಯಿತು. ಒಳಗೆ ಇಳಿದಿಲ್ಲ, ಮೇಲ್ಮೈಯಲ್ಲಿ ಮಾತ್ರ.

ತಪ್ಪು ನಾಲ್ಕು: ಅಯೋಡೈಡನ್ನು ಅಸಿಟೋನೈಟ್ರೈಲಿನಲ್ಲಿ ಕರಗಿಸಿದ್ದೆ, ಬಣ್ಣದ ಸೆಲ್ಲುಗಳಲ್ಲಿ ಹಾಗೇ ಮಾಡುತ್ತಾರೆ. ಬೆಳಗಾಗುವಷ್ಟರಲ್ಲಿ ನೇರಳೆ ಹೋಗಿ ಹಳದಿಯಾಗಿತ್ತು, ಪ್ರೋಟೀನ್ ಬಿಚ್ಚಿಹೋಗಿತ್ತು. ಆಮೇಲೆ ನೀರಿನಲ್ಲೇ ಮಾಡಿದೆ: 0.5 ಮೋಲಾರ್ ಪೊಟ್ಯಾಸಿಯಂ ಅಯೋಡೈಡ್, 0.01 ಮೋಲಾರ್ ಅಯೋಡಿನ್. ಅಯೋಡಿನ್ ಜಾಸ್ತಿ ಹಾಕಿದರೆ ಅದರ ಕಂದು ಬಣ್ಣವೇ ಬೆಳಕನ್ನು ತಿಂದುಹಾಕುತ್ತದೆ.

ದಿನ 54. ನಡು ಮಧ್ಯಾಹ್ನದ ಬಿಸಿಲಿಗೆ ಹಿಡಿದೆ. 0.47 ವೋಲ್ಟ್, ಚದರ ಸೆಂಟಿಮೀಟರಿಗೆ 96 ಮೈಕ್ರೊಆಂಪ್! ಎರಡು ದಿನ ಅದನ್ನೇ ಎಲ್ಲರಿಗೂ ಹೇಳಿಕೊಂಡು ಓಡಾಡಿದೆ.

ದಿನ 56. ಪೊರೆ ಹಾಕದ, ಉಳಿದದ್ದೆಲ್ಲ ಹಾಗೇ ಇರುವ ಸೆಲ್ ಮಾಡಿ ಅದೇ ಬಿಸಿಲಿಗೆ ಹಿಡಿದೆ. 0.46 ವೋಲ್ಟ್, 89 ಮೈಕ್ರೊಆಂಪ್.

ಟೈಟಾನಿಯಂ ಡೈಆಕ್ಸೈಡ್ ತಾನೇ ಬಿಸಿಲಿನ ನೇರಳಾತೀತ ಕಿರಣಗಳನ್ನು ಹೀರಿ ಕರೆಂಟು ಕೊಡುತ್ತದೆ. ನಾನು ಪ್ರೋಟೀನಿನದು ಅಂತ ತಿಳಿದಿದ್ದರಲ್ಲಿ ಹೆಚ್ಚಿನ ಪಾಲು ಅದರದ್ದೇ. ಪೊರೆ ಇಲ್ಲದ ಸೆಲ್ಲನ್ನು ಮೊದಲ ದಿನವೇ ಜೊತೆಗೆ ಮಾಡಬೇಕಿತ್ತು. ಸೆನ್ಸರಿನಲ್ಲಿ ಕಪ್ಪು ಕಾಗದದ ಪಾಠ ಆಗಿದ್ದರೂ ಇಲ್ಲಿ ಮತ್ತೆ ಅದೇ ತಪ್ಪು ಮಾಡಿದೆ. ಈ ದಾಖಲೆಯಲ್ಲಿ ನನಗೆ ಇದೊಂದೇ ಇನ್ನೂ ನೋವು ಕೊಡುತ್ತದೆ.

420 ನ್ಯಾನೊಮೀಟರಿಗಿಂತ ಕೆಳಗಿನದನ್ನೆಲ್ಲ ತಡೆಯುವ ಹಳದಿ ಫಿಲ್ಟರ್ ಇಟ್ಟು ಮತ್ತೆ ಅಳೆದೆ. ಪೊರೆ ಇಲ್ಲದ್ದು 9, ಪೊರೆ ಇರುವುದು 14. ಅಂದರೆ ಪ್ರೋಟೀನಿನ ಪಾಲು 5 ಮೈಕ್ರೊಆಂಪ್. ಐದು ಜೋಡಿ ಮಾಡಿದೆ, ಅದರಲ್ಲಿ ಎರಡು ಜೋಡಿಯಲ್ಲಿ ವ್ಯತ್ಯಾಸವೇ ಕಾಣಲಿಲ್ಲ.

ದಿನ 59–63: ಮರುಪರೀಕ್ಷೆ, ಮುಂದಿನ ದಾರಿ

ಸೆಲ್ಲಿಗೆ ಬೇಕಿರುವುದು ಎಲೆಕ್ಟ್ರಾನ್. ಈ ಪ್ರೋಟೀನ್ ತಳ್ಳುವುದು ಪ್ರೋಟಾನ್. ಅದನ್ನು ಸೋಲಾರ್ ಸೆಲ್ಲಿನಲ್ಲಿ ಕೂರಿಸಿ ಒಂದೇ ಸಮ ಕರೆಂಟು ಕೊಡು ಅಂದರೆ ಅದರ ಸ್ವಭಾವಕ್ಕೆ ವಿರುದ್ಧವಾದ ಕೆಲಸ ಕೇಳಿದ ಹಾಗೆ. ಸೆನ್ಸರಿನಲ್ಲಿ ಅದೇ ಸ್ವಭಾವ ಗುಣವಾಗುತ್ತದೆ. 1992ರಲ್ಲಿ ಜಪಾನಿನ ತ್ಸುತೊಮು ಮಿಯಾಸಾಕಾ ಮತ್ತು ಜೊತೆಗಾರರು ಇದೇ ಪ್ರೋಟೀನಿನಿಂದ ಕೃತಕ ಕಣ್ಣಿನಂಥ ಸಾಧನ ಮಾಡಿದರು, ಅದೂ ಬೆಳಕು ಬದಲಾದಾಗಲೇ ಸ್ಪಂದಿಸುತ್ತಿತ್ತು. ಅದೇ ಮಿಯಾಸಾಕಾ 2009ರಲ್ಲಿ ಪೆರೋವ್‌ಸ್ಕೈಟ್ ಅನ್ನುವ ಹರಳಿನ ವಸ್ತುವಿನ ಸೋಲಾರ್ ಸೆಲ್ ತೋರಿಸಿದರು, ದಕ್ಷತೆ ಶೇಕಡ 3.8. ವಿದ್ಯುತ್ತಿಗೆ ಬೇರೆ ವಸ್ತು, ಕಣ್ಣಿಗೆ ಈ ಪ್ರೋಟೀನ್. ಆ ಎರಡು ವರ್ಷಗಳನ್ನು ಪಕ್ಕ ಪಕ್ಕ ಇಟ್ಟು ಮೊದಲೇ ಯೋಚಿಸಿದ್ದರೆ ನನ್ನ ಹದಿನೇಳು ದಿನ ಉಳಿಯುತ್ತಿತ್ತು.

ಪ್ರೋಟೀನಿನಿಂದಲೇ ಸೋಲಾರ್ ಸೆಲ್ ಆಗಬೇಕು ಅನ್ನುವವರು ಗಿಡಗಳ ಫೋಟೋಸಿಸ್ಟಮ್ 1 ನೋಡಿ. ಅದು ನಿಜವಾಗಿ ಎಲೆಕ್ಟ್ರಾನನ್ನೇ ಸಾಗಿಸುತ್ತದೆ. 2012ರಲ್ಲಿ ಆಂಡ್ರಿಯಾಸ್ ಮರ್ಶಿನ್ ತಂಡ ಅದನ್ನು ಟೈಟಾನಿಯಂ ಡೈಆಕ್ಸೈಡ್ ಮತ್ತು ಸತು ಆಕ್ಸೈಡಿನ ನ್ಯಾನೊ ರಚನೆಗಳ ಮೇಲೆ ಕೂರಿಸಿ ಚದರ ಸೆಂಟಿಮೀಟರಿಗೆ 81 ಮೈಕ್ರೊವ್ಯಾಟ್ ಪಡೆದಿತ್ತು. ನನ್ನ ಮುಂದಿನ ಸೋಲಾರ್ ಪ್ರಯತ್ನ ಅದರ ಮೇಲೆ, ಪೊರೆ ಇಲ್ಲದ ಜೋಡಿ ಸೆಲ್ಲನ್ನು ಮೊದಲು ಮಾಡಿಟ್ಟುಕೊಂಡು.

ದಿನ 30ರಂದು ಮಾಡಿದ ಸೆನ್ಸರಿನ ಗಾಜನ್ನು ಬಳಸದಾಗ ಒಣಗಿಸಿ ಕತ್ತಲಲ್ಲಿ ಇಟ್ಟಿದ್ದೆ. ನಿನ್ನೆ ಮತ್ತೆ ಜೋಡಿಸಿ ನೋಡಿದೆ: 22 ಇದ್ದದ್ದು 19 ನ್ಯಾನೊಆಂಪ್. 3.5 ಮಿಲಿಗ್ರಾಂ ಪೊರೆ ಉಳಿದಿದೆ. ಐಟಿಒವನ್ನು ಗೆರೆ ಕೊರೆದು ನಾಲ್ಕು ತುಂಡು ಮಾಡಿ, ಒಂದೊಂದಕ್ಕೂ ಬೇರೆ ಆಂಪ್ಲಿಫೈಯರ್ ಕೊಟ್ಟು, ಮುಂದೆ ಹಾದುಹೋಗುವ ಕೈ ಎಡದಿಂದ ಬಂತೋ ಬಲದಿಂದ ಬಂತೋ ಅಂತ ಹೇಳುವ ಹಾಗೆ ಮಾಡಬೇಕು. ಗಾಜು ಕೊರೆಯುವುದು ನಾಳೆ.